ಸೊಗಡವರೆಯ ಹಿತಕಿದ ಬೇಳೆ ಸಾರು, ಜೊತೆಗೆ ಗಂಟಿಲ್ಲದ ರಾಗಿ ಮುದ್ದೆ

ಮಾಗಿಯ ಚಳಿ ಹಿಡಿಯುತ್ತಿದ್ದಂತೆ ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಸಂತೆಗಳಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ನೆನೆಹಾಕಿದ ಅವರೆಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಕಳಚಿ ತೆಗೆದದ್ದೇ ಹಿತಕಿದ ಬೇಳೆ. ಈ ಸೀಮೆಯವರು ಎಲ್ಲಿ ಹೋಗಿ ನೆಲೆಸಿದ್ದರೂ ಡಿಸೆಂಬರ್, ಜನವರಿ ಬಂತೆಂದರೆ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ಮೇಲೊಂದು ಚಮಚ ತುಪ್ಪ ನೆನಪಾಗದೆ ಇರುವುದಿಲ್ಲ. ಗಡಿಭಾಗದ ತೆಲುಗು ಮನೆಗಳಲ್ಲೂ ಪಿತಿಕಿನ ಪಪ್ಪು ಅಂತ ಇದನ್ನೇ ಮಾಡುತ್ತಾರೆ. ಆದರೆ ಊರಿನ ರುಚಿ ಬರಲಿಲ್ಲ ಅಂತ ಕೊರಗುವವರು ಬಹಳ ಮಂದಿ. ಅವರು ತಪ್ಪು ಹುಡುಕುವುದು ಮಸಾಲೆಯಲ್ಲಿ. ಒಂದು ಲವಂಗ ಜಾಸ್ತಿ ಹಾಕುತ್ತಾರೆ, ಗಸಗಸೆ ಜಾಸ್ತಿ ಹಾಕುತ್ತಾರೆ, ಸಾರು ಇನ್ನಷ್ಟು ದೂರ ಹೋಗುತ್ತದೆ. ಈ ಸಾರಿನ ರುಚಿ ಇರುವುದು ಕಾಯಿಯ ಸೊಗಡಿನಲ್ಲಿ. ಕಾಯಿ ಸರಿಯಾಗಿ ಆರಿಸಿ, ಮಸಾಲೆಗೆ ಕೈ ಬಿಗಿ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಒಲೆ ಹಚ್ಚುವ ಮೊದಲೇ ಮುಗಿದಿರುತ್ತದೆ.

ಮುದ್ದೆ ಮತ್ತು ಅವರೆ ಒಂದೇ ತಟ್ಟೆಗೆ ಬಂದದ್ದಕ್ಕೆ ಹೊಲವೇ ಕಾರಣ. ಮಳೆಗಾಲದಲ್ಲಿ ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುವುದು ಇಲ್ಲಿಯ ಹಳೆಯ ಪದ್ಧತಿ. ರಾಗಿ ಕೊಯ್ಲಾದ ಮೇಲೆ ಅವರೆ ಬಳ್ಳಿಗೆ ಹೊಲವೆಲ್ಲ ಸಿಗುತ್ತದೆ. ನೆಲದಲ್ಲಿ ಉಳಿದ ತೇವ ಮತ್ತು ಇಬ್ಬನಿಯ ಮೇಲೆ ಅದು ಹಬ್ಬಿ ಕಾಯಿ ಕಚ್ಚುತ್ತದೆ. ನಾಟಿ ಅವರೆ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ಜಾತಿ. ಅದಕ್ಕೇ ಅದರ ಕಾಲ ಚಳಿಗಾಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವಿದೆ, ನಮಗೂ ಬೇಸಿಗೆಯಲ್ಲಿ ಅವರೆಕಾಳು ಸಿಗುತ್ತದೆ. ಆದರೆ ಹಿತಕಿದ ಬೇಳೆ ಸಾರಿಗೆ ಮಾತ್ರ ಚಳಿಗಾಲದ ನಾಟಿ ಸೊಗಡವರೆಯನ್ನೇ ಕಾಯಬೇಕು. ಉಳಿದ ಕಾಲದ ಅವರೆ ಉಪ್ಪಿಟ್ಟಿಗೆ, ಪಲ್ಯಕ್ಕೆ ಸಾಕು.

ಕಾಯಿ ಆರಿಸುವುದು

ಐದು ಜನರ ಊಟಕ್ಕೆ 2 ಕೆ.ಜಿ. ಕಾಯಿ ಬೇಕು. ಬಿಡಿಸಿದರೆ 700ರಿಂದ 900 ಗ್ರಾಂ ಕಾಳು ಬರುತ್ತದೆ. ಅದರಲ್ಲಿ ಎಳೆಕಾಳು ಬೇರೆ ತೆಗೆದು, ಉಳಿದದ್ದನ್ನು ಹಿತಕಿದರೆ 400 ಗ್ರಾಂ ಬೇಳೆ ಕೈಗೆ ಸಿಗುತ್ತದೆ. ಕಾಯಿ ಜೊಳ್ಳಾಗಿದ್ದರೆ ಅಷ್ಟೂ ಸಿಗುವುದಿಲ್ಲ.

ರಾಶಿಯಿಂದ ಒಂದು ಹಿಡಿ ಕಾಯಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ. ಸೊಗಡಿರುವ ಕಾಯಿ ಕೈಗೆ ಎಣ್ಣೆ ಸವರಿದ ಹಾಗೆ ಅಂಟುತ್ತದೆ, ಮೂಗಿನ ಹತ್ತಿರ ತಂದರೆ ಘಾಟು ಘಾಟಾದ ಪರಿಮಳ ಹೊಡೆಯುತ್ತದೆ, ಸೋಪು ಹಾಕಿ ಕೈ ತೊಳೆದರೂ ಸ್ವಲ್ಪ ಹೊತ್ತು ಇರುತ್ತದೆ. ಕೈ ಒಣಗಿಯೇ ಉಳಿದರೆ ಆ ರಾಶಿ ಬಿಟ್ಟು ಮುಂದೆ ಹೋಗಿ. ಹೊಳಪಿಗೆ ಮೋಸ ಹೋಗಬೇಡಿ. ತಾಜಾ ಕಾಣಲೆಂದು ನೀರು ಚಿಮುಕಿಸಿದ ಕಾಯಿಯೂ ಹೊಳೆಯುತ್ತದೆ, ಆದರೆ ನೀರು ಬಿದ್ದ ಕಾಯಿಯ ಅಂಟು ಹೋಗಿರುತ್ತದೆ, ಮಾರನೇ ದಿನಕ್ಕೆ ಸಿಪ್ಪೆ ಕಪ್ಪಾಗುತ್ತದೆ. ಬೆಳಿಗ್ಗೆ ಬೇಗ ಹೋದರೆ ಹೊಲದಿಂದ ನೇರ ಬಂದ ಚೀಲ ಬಿಚ್ಚುವ ಹೊತ್ತಿಗೆ ಸಿಗುತ್ತದೆ.

ಕಾಯಿ ಎಷ್ಟು ಬಲಿತಿರಬೇಕು ಅನ್ನುವುದೂ ಮುಖ್ಯ. ಬೆರಳಲ್ಲಿ ಒತ್ತಿದರೆ ಒಳಗಿನ ಕಾಳು ಗಟ್ಟಿಯಾಗಿ, ಉಬ್ಬಿ ಸಿಗಬೇಕು. ಹೊರಸಿಪ್ಪೆ ಇನ್ನೂ ಹಸಿರಾಗಿಯೇ ಇರಬೇಕು. ಸಿಪ್ಪೆ ಹಳದಿಗೆ ತಿರುಗಿ ಸುಕ್ಕು ಹಿಡಿದಿದ್ದರೆ ಕಾಳು ಬಲಿತು ಒಣಗಲು ಶುರುವಾಗಿದೆ ಅಂತ. ಅದು ಹಿತಕಲು ಬರುತ್ತದೆ, ಆದರೆ ನೆನೆಯಲು ಹೊತ್ತು ಬೇಕು, ಬೇಳೆಯೂ ಸ್ವಲ್ಪ ಹಿಟ್ಟುಹಿಟ್ಟಾಗುತ್ತದೆ. ಚಪ್ಪಟೆ ಕಾಯಿಯ ಕಾಳು ತೀರಾ ಎಳಸು, ಹಿತಕಿದರೆ ಬೇಳೆ ಸಿಗುವುದಿಲ್ಲ, ರಸವಾಗಿ ಬೆರಳಿಗೆ ಅಂಟುತ್ತದೆ.

ತೂತು ಬಿದ್ದ ಕಾಯಿ ನಾಲ್ಕಾರು ಇದ್ದೇ ಇರುತ್ತವೆ. ಅದಕ್ಕೆ ಹೆದರಬೇಕಿಲ್ಲ. ಹತ್ತಕ್ಕೆ ಮೂರು ನಾಲ್ಕು ತೂತಾಗಿದ್ದರೆ ಮಾತ್ರ ಬೇಡ.

ಮನೆಗೆ ತಂದ ಕಾಯನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ಒಳಗೆ ಬೆವೆತು ಬೂಸಲು ಬರುತ್ತದೆ. ಗೋಣಿಚೀಲದ ಮೇಲೆ ತೆಳ್ಳಗೆ ಹರಡಿ, ಗಾಳಿಯಾಡುವ ಕಡೆ ಇಡಿ. ಒಂದು ದಿನ ತಡೆಯುತ್ತದೆ. ಎರಡನೇ ದಿನದಿಂದ ಸೊಗಡು ಇಳಿಯುತ್ತಾ ಬರುತ್ತದೆ. ಕಾಯನ್ನು ಯಾವ ಕಾರಣಕ್ಕೂ ತೊಳೆಯಬೇಡಿ.

ಬಿಡಿಸುವುದು, ನೆನೆಹಾಕುವುದು

ಅವರೆ ಬಿಡಿಸುವುದನ್ನು ಹಗಲು ಬೆಳಕಿನಲ್ಲೇ ಮಾಡಿ. ಹುಳು ಕಾಳಿನದೇ ಬಣ್ಣದ್ದು, ರಾತ್ರಿ ದೀಪದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಾಯಿಯ ಬೆನ್ನಿನ ನಾರು ಎಳೆದು, ಸಿಪ್ಪೆ ಬಿಚ್ಚಿ, ಕಾಳು ಬಿಡಿಸುತ್ತಾ ಎರಡು ಪಾತ್ರೆಗೆ ಬೇರೆ ಮಾಡುತ್ತಾ ಹೋಗಿ: ಎಳೆಕಾಳು ಒಂದಕ್ಕೆ, ಬಲಿತದ್ದು ಇನ್ನೊಂದಕ್ಕೆ. ಇವೆರಡನ್ನೂ ಒಟ್ಟಿಗೆ ನೆನೆಹಾಕಿದರೆ ಹಿತಕುವಾಗ ಪ್ರತಿ ಕಾಳಿಗೂ ಬೆರಳಿನ ಒತ್ತಡ ಬದಲಿಸಬೇಕಾಗುತ್ತದೆ, ಎಳೆಯವು ಜಜ್ಜಿಹೋಗುತ್ತವೆ. ಎಳೆಕಾಳು ಅಕ್ಕಿ ರೊಟ್ಟಿಗೆ, ಉಪ್ಪಿಟ್ಟಿಗೆ ಎತ್ತಿಡಿ.

ಬಲಿತ ಕಾಳನ್ನು ತಣ್ಣೀರಿನಲ್ಲಿ ಮುಳುಗುವಷ್ಟು ನೆನೆಹಾಕಿ. ತೂತಾದ ಕಾಳು ತೇಲುತ್ತವೆ, ತೆಗೆದು ಹಾಕಿ. ಹಸಿಕಾಳಿಗೆ 4ರಿಂದ 6 ಗಂಟೆ ಸಾಕು. ರಾತ್ರಿ ಹಾಕಿ ಬೆಳಿಗ್ಗೆ ಹಿತಕುವುದೂ ರೂಢಿ, ಚಳಿಗಾಲದಲ್ಲಿ ಅದರಿಂದ ತೊಂದರೆಯಿಲ್ಲ. ಹನ್ನೆರಡು ಗಂಟೆ ದಾಟಿಸಬೇಡಿ. ನೀರಿನ ಮೇಲೆ ನೊರೆ ಕಟ್ಟಿ ಹುಳಿವಾಸನೆ ಬಂದರೆ ಆ ವಾಸನೆ ಸಾರಿಗೂ ಇಳಿಯುತ್ತದೆ. ಹಳದಿ ತಿರುಗಿದ ಕಾಳಿಗೆ ಪೂರ್ತಿ ರಾತ್ರಿ ಬೇಕೇ ಬೇಕು, ನಡುವೆ ಒಂದು ಸಲ ನೀರು ಬದಲಿಸಿ.

ಸಮಯ ಇಲ್ಲದವರು ಬಿಸಿನೀರು ಸುರಿಯುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಸಿಪ್ಪೆ ಸಡಿಲವಾಗುವುದು ನಿಜ. ಆದರೆ ಬೇಳೆಯ ಹೊರಮೈ ಅಲ್ಲೇ ಅರೆಬೆಂದು, ಹಿತಕುವಾಗ ಎರಡು ಹೋಳಾಗಿ, ಒಲೆಯ ಮೇಲೆ ಕದಡಿಹೋಗುತ್ತದೆ. ಬಿಸಿನೀರಿನ ದಾರಿ ಹಿಡಿಯಲೇಬೇಕು ಅಂದರೆ ಕೈ ತಡೆಯುವಷ್ಟು ಬೆಚ್ಚಗಿನ ನೀರು ಸಾಕು, ಕುದಿಯುವ ನೀರು ಬೇಡ.

ಹಿತಕುವುದು

ಕಾಳಿನ ಒಂದು ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಇನ್ನೊಂದು ತುದಿಯಲ್ಲಿ ಸಿಪ್ಪೆ ಹರಿದು ಬೇಳೆ ಚಿಮ್ಮುತ್ತದೆ. ಚಿಮ್ಮುವುದು ಅಂದರೆ ನಿಜವಾಗಿಯೂ ಚಿಮ್ಮುತ್ತದೆ, ಹಾಗಾಗಿ ಬೆರಳಿನ ತುದಿ ಪಾತ್ರೆಯ ಒಳಕ್ಕೆ ಮುಖ ಮಾಡಿರಲಿ. ಬಾಯಿ ಅಗಲ, ಗೋಡೆ ಎತ್ತರ ಇರುವ ಪಾತ್ರೆ ಒಳ್ಳೆಯದು. ಎರಡೂ ಕೈಯಲ್ಲಿ ಒಂದೊಂದು ಕಾಳು ಹಿಡಿದು ಹಿತಕುವ ರೂಢಿ ಬಂದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಜನ ಸುತ್ತ ಕೂತು ಮಾತಾಡುತ್ತಾ ಮಾಡುವ ಕೆಲಸ ಇದು, ಒಬ್ಬರೇ ಕೂತರೆ ಬೆರಳು ನೋಯುತ್ತದೆ.

ಒತ್ತಿದಾಗ ಬೇಳೆ ಇಡಿಯಾಗಿ, ನುಣುಪಾಗಿ, ತಿಳಿಹಸಿರು ಬಣ್ಣದಲ್ಲಿ ಹೊರಬಂದರೆ ನೆನೆದದ್ದು ಸರಿಯಾಗಿದೆ. ಸಿಪ್ಪೆ ಹರಿಯದೆ ಬೆರಳು ಜಾರಿದರೆ ಇನ್ನೊಂದು ಗಂಟೆ ನೀರಿನಲ್ಲಿ ಬಿಡಿ, ಬಲವಂತ ಮಾಡಿದರೆ ಬೇಳೆ ಒಡೆಯುತ್ತದೆ. ಹಿತಕಿದ ಬೇಳೆಯನ್ನು ಒಂದೇ ಒಂದು ನೀರಿನಲ್ಲಿ ಮೆಲ್ಲಗೆ ಜಾಲಿಸಿ ಬಸಿಯಿರಿ. ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆಯುವುದು ಬೇಡ. ಸಿಪ್ಪೆಯನ್ನು ದನ ಇರುವ ಮನೆಗೆ ಕೊಡಿ, ಹಸು ಆಸೆಯಿಂದ ತಿನ್ನುತ್ತದೆ.

ಅಂದೇ ಸಾರು ಮಾಡದಿದ್ದರೆ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಒದ್ದೆ ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ದಿನ ಇರುತ್ತದೆ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡುವವರಿದ್ದಾರೆ. ಬೇಳೆ ಕೆಡುವುದಿಲ್ಲ, ಸೊಗಡು ಮಾತ್ರ ಉಳಿಯುವುದಿಲ್ಲ.

ಮಸಾಲೆ

ಅಳತೆಗೆ ಇಲ್ಲಿ ಲೋಟ ಅಂದರೆ 200 ಮಿ.ಲೀ., ಚಮಚ ಅಂದರೆ ಟೀ ಚಮಚ. 400 ಗ್ರಾಂ ಬೇಳೆಗೆ ಬೇಕಾದದ್ದು ಇಷ್ಟು: ಬ್ಯಾಡಗಿ ಮೆಣಸಿನಕಾಯಿ 6, ಗುಂಟೂರು ಮೆಣಸಿನಕಾಯಿ 4, ಧನಿಯಾ 5 ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 8, ಚಕ್ಕೆ ಅರ್ಧ ಇಂಚು, ಲವಂಗ 2, ಗಸಗಸೆ 1 ಚಮಚ, ಹುರಿಗಡಲೆ 2 ಚಮಚ, ಬೆಳ್ಳುಳ್ಳಿ 10 ಎಸಳು, ಶುಂಠಿ ಒಂದು ಇಂಚು, ದೊಡ್ಡ ಈರುಳ್ಳಿ 1, ತೆಂಗಿನಕಾಯಿ ತುರಿ ಅರ್ಧ ಲೋಟ, ಕೊತ್ತಂಬರಿ ಸೊಪ್ಪು ಒಂದು ಹಿಡಿ. ಒಗ್ಗರಣೆಗೆ ಇನ್ನೊಂದು ಈರುಳ್ಳಿ, ಹುಳಿ ಇರುವ ನಾಟಿ ಟೊಮೇಟೊ 2, ಕರಿಬೇವು, ಸಾಸಿವೆ, ಅರಿಸಿನ ಕಾಲು ಚಮಚ, ಕಡಲೆಕಾಯಿ ಎಣ್ಣೆ ಅರ್ಧ ಸೌಟು.

ಚಕ್ಕೆ ಲವಂಗದ ಅಳತೆ ನೋಡಿ ಕಡಿಮೆಯಾಯಿತು ಅನ್ನಿಸಬಹುದು. ಕಡಿಮೆಯೇ ಇರಬೇಕು. ಚಕ್ಕೆ ಒಂದೂವರೆ ಇಂಚು, ಲವಂಗ ಆರು ಹಾಕಿದರೆ ಅದು ಬರೀ ಕುರ್ಮಾ. ಅಲ್ಲಿ ಅವರೆ ಹಾಕಿದರೂ ಒಂದೇ, ಬಟಾಣಿ ಹಾಕಿದರೂ ಒಂದೇ. ಏಲಕ್ಕಿ, ಸೋಂಪು, ಗರಂ ಮಸಾಲೆ ಪುಡಿ ಇದಕ್ಕೆ ಸೇರುವುದೇ ಇಲ್ಲ.

ಹುರಿಯುವ ಕ್ರಮ ಹೀಗೆ. ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಮೊದಲು ಮೆಣಸಿನಕಾಯಿ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿದು ತೆಗೆಯಿರಿ. ಅದೇ ಬಾಣಲೆಯಲ್ಲಿ ಧನಿಯಾ, ಮೆಣಸು, ಚಕ್ಕೆ, ಲವಂಗ. ಧನಿಯಾ ಘಮ್ಮೆಂದ ಕೂಡಲೇ ಜೀರಿಗೆ ಹಾಕಿ ಒಂದು ಸಲ ಕೈಯಾಡಿಸಿ ತೆಗೆಯಿರಿ. ಗಸಗಸೆಯನ್ನು ಒಲೆ ಆರಿಸಿದ ಮೇಲೆ ಬಾಣಲೆಯ ಬಿಸಿಯಲ್ಲೇ ಬೆಚ್ಚಗೆ ಮಾಡಿದರೆ ಸಾಕು, ಕಪ್ಪಾದ ಗಸಗಸೆ ಸಾರನ್ನು ಕಹಿ ಮಾಡುತ್ತದೆ. ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ಬೇರೆ ಬಾಡಿಸಿಕೊಳ್ಳಿ. ಈರುಳ್ಳಿಯ ಅಂಚು ಕೆಂಪಾಗುವವರೆಗೂ ಬಿಡಬೇಕು, ಹಸಿ ಈರುಳ್ಳಿ ರುಬ್ಬಿದರೆ ಸಾರು ಕುದಿಯುವಾಗ ಸಿಹಿಸಿಹಿ ವಾಸನೆ ಹೊಡೆಯುತ್ತದೆ. ತೆಂಗಿನಕಾಯಿ ಹುರಿಯಬೇಡಿ.

ರುಬ್ಬುವಾಗ ಮೊದಲು ಹುರಿದ ಸಾಮಾನು ಮತ್ತು ಹುರಿಗಡಲೆಯನ್ನು ನೀರಿಲ್ಲದೆ ಪುಡಿ ಮಾಡಿ, ಆಮೇಲೆ ಉಳಿದದ್ದೆಲ್ಲ ಹಾಕಿ ನೀರು ಚಿಮುಕಿಸುತ್ತಾ ನುಣ್ಣಗೆ ರುಬ್ಬಿ. ಎಲ್ಲ ಒಟ್ಟಿಗೆ ಹಾಕಿ ತಿರುಗಿಸಿದರೆ ಧನಿಯಾ ಸಿಪ್ಪೆ ಹಾಗೇ ಉಳಿದು ನಾಲಿಗೆಗೆ ತರಿತರಿಯಾಗಿ ಸಿಗುತ್ತದೆ. ಬೆರಳಿಗೆ ಹಚ್ಚಿ ಉಜ್ಜಿ ನೋಡಿ, ಗಂಧದ ಹಾಗೆ ನುಣುಪಾಗಿರಬೇಕು.

ಸಾರು ಕೂಡಿಸುವುದು

ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಈರುಳ್ಳಿ ಹಾಕಿ ಬಾಡಿಸಿ. ಈರುಳ್ಳಿ ಮೆತ್ತಗಾದ ಮೇಲೆ ಅರಿಸಿನ, ಅದರ ಹಿಂದೆಯೇ ಬಸಿದ ಬೇಳೆ. ಇಲ್ಲಿ ಅವಸರ ಬೇಡ. ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬೇಳೆಯನ್ನು ಎಣ್ಣೆಯಲ್ಲಿ ಮೆಲ್ಲಗೆ ಹೊರಳಿಸಿ. ಹಸಿರು ಬಣ್ಣ ಗಾಢವಾಗುತ್ತದೆ, ಅಡುಗೆಮನೆ ತುಂಬ ಸೊಗಡು ಏಳುತ್ತದೆ. ಎಣ್ಣೆ ಹಿಡಿದ ಬೇಳೆ ಕುದಿಯುವಾಗ ಸುಲಭಕ್ಕೆ ಒಡೆಯುವುದೂ ಇಲ್ಲ. ಸೌಟಿನ ಬದಲು ಮರದ ಚಮಚ ಬಳಸಿ.

ಈಗ 4 ಲೋಟ ಬಿಸಿನೀರು ಸುರಿದು, ಅರ್ಧ ಮುಚ್ಚಿ ಬೇಯಿಸಿ. ಟೊಮೇಟೊ ಇನ್ನೂ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಹತ್ತು ಹನ್ನೆರಡು ನಿಮಿಷಕ್ಕೆ ಒಂದು ಬೇಳೆ ತೆಗೆದು ಎರಡು ಬೆರಳಲ್ಲಿ ಒತ್ತಿ ನೋಡಿ. ಒತ್ತಿದರೆ ಹಿಸುಕಬೇಕು, ಆದರೆ ನಡುವೆ ಸಣ್ಣದೊಂದು ಬಿಗಿ ಉಳಿದಿರಬೇಕು. ಆ ಹದಕ್ಕೆ ಬಂದ ಮೇಲೆ ಹೆಚ್ಚಿದ ಟೊಮೇಟೊ, ರುಬ್ಬಿದ ಮಸಾಲೆ, ಮಿಕ್ಸಿ ತೊಳೆದ ಒಂದು ಲೋಟ ನೀರು, ಎರಡೂವರೆ ಚಮಚ ಕಲ್ಲುಪ್ಪು ಹಾಕಿ. ಒಂದು ಕುದಿ ಬಂದ ಮೇಲೆ ಉರಿ ತಗ್ಗಿಸಿ 10 ನಿಮಿಷ ಬಿಡಿ. ಮಸಾಲೆಯ ಹಸಿವಾಸನೆ ಹೋಗಿ, ಅಂಚಿನಲ್ಲಿ ಸಣ್ಣಗೆ ಎಣ್ಣೆ ತೇಲಿದರೆ ಸಾರು ಆಯಿತು.

ಇಳಿಸುವಾಗ ಸಾರು ನಿಮಗೆ ಬೇಕಾದ್ದಕ್ಕಿಂತ ತೆಳ್ಳಗಿರಲಿ. ಬೇಳೆ, ಹುರಿಗಡಲೆ, ಗಸಗಸೆ ಮೂರೂ ನೀರು ಕುಡಿಯುತ್ತವೆ, ಅರ್ಧ ಗಂಟೆಯಲ್ಲಿ ತಾನಾಗಿ ಗಟ್ಟಿಯಾಗುತ್ತದೆ. ಮುದ್ದೆಗೆ ಸಾರು ಹರಿಯಬೇಕು, ಗೊಜ್ಜಿನ ಹಾಗೆ ನಿಲ್ಲಬಾರದು.

ಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿಲ್ಲ ಅನ್ನುವ ದೂರು ಈ ಜಿಲ್ಲೆಗಳಲ್ಲಿ ಹೆಚ್ಚು. ಕಾರಣ ನೀರು. ಆಳದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಕಾಳು ಮೆತ್ತಗಾಗುವುದನ್ನು ತಡೆಯುತ್ತದೆ. ಕುಡಿಯಲು ತರುವ ಫಿಲ್ಟರ್ ನೀರನ್ನೇ ನೆನೆಹಾಕಲು, ಬೇಯಿಸಲು ಬಳಸಿ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಜೊತೆಗೆ ಬೇಳೆ ಕರಗಿ ಲೋಳೆಯಾಗುತ್ತದೆ, ಸೊಗಡೂ ಸಾಯುತ್ತದೆ. ಕುಕ್ಕರ್ ಕೂಡ ಬೇಡ ಅನ್ನುವುದೇ ಸರಿ. ಹಸಿಬೇಳೆಗೆ ಒಂದು ಕೂಗು ಕೂಡ ಹೆಚ್ಚು, ಮುಚ್ಚಳ ತೆಗೆದಾಗ ಬೇಳೆಯ ಬದಲು ಗಂಜಿ ಸಿಗುತ್ತದೆ. ಬಲಿತು ಹಳದಿಯಾದ ಕಾಳಿನ ಬೇಳೆಗಾದರೆ ಒಂದು ಕೂಗು ಹಾಕಿ, ತಕ್ಷಣ ಆವಿ ಬಿಡಬಹುದು.

ಸಾರು ಸಪ್ಪೆ ಅನ್ನಿಸಿದರೆ ಮಸಾಲೆ ಪುಡಿ ಹುಡುಕುವ ಮೊದಲು ಉಪ್ಪು ನೋಡಿ. ಬೇಳೆ ಉಪ್ಪು ಎಳೆದುಕೊಳ್ಳುತ್ತದೆ. ಸಿಹಿ ಹೆಚ್ಚಾಯಿತು ಅಂದರೆ ಕಾಯಿತುರಿ ಜಾಸ್ತಿ ಬಿದ್ದಿದೆ, ಅಥವಾ ಟೊಮೇಟೊ ಹುಳಿಯಿಲ್ಲದ ಹೈಬ್ರಿಡ್. ಗೋಲಿ ಗಾತ್ರದ ಹುಣಸೆಹಣ್ಣಿನ ರಸ ಕೊನೆಯ ಐದು ನಿಮಿಷದಲ್ಲಿ ಹಾಕಿದರೆ ಸರಿಹೋಗುತ್ತದೆ. ಕಹಿ ಬಂದರೆ ಮೆಣಸಿನಕಾಯಿ ಅಥವಾ ಗಸಗಸೆ ಸೀದಿದೆ, ಅದಕ್ಕೆ ಪರಿಹಾರ ಇಲ್ಲ.

ಆಲೂಗಡ್ಡೆ, ಬದನೆಕಾಯಿ ಸೇರಿಸುವುದು ಮನೆಮನೆಯ ಇಷ್ಟ. ಬದನೆಕಾಯಿ ಒಗ್ಗುತ್ತದೆ, ನಾಲ್ಕು ಹೋಳು ಮಾಡಿ ಟೊಮೇಟೊ ಜೊತೆ ಹಾಕಿ. ಆಲೂಗಡ್ಡೆ ಸಾರನ್ನು ಮಂದ ಮಾಡುತ್ತದೆ. ಮಾಂಸದ ಜೊತೆ ಮಾಡುವವರು ಮಟನ್ನನ್ನು ಪೂರ್ತಿ ಬೇಯಿಸಿಕೊಂಡ ಮೇಲೆ ಕೊನೆಯ ಕಾಲು ಗಂಟೆಯಲ್ಲಿ ಬೇಳೆ ಸೇರಿಸಬೇಕು.

ಮುದ್ದೆ

ಐದು ಮುದ್ದೆಗೆ 3 ಲೋಟ ರಾಗಿ ಹಿಟ್ಟು, 6 ಲೋಟಕ್ಕೆ ತುಸು ಕಡಿಮೆ ನೀರು. ಹಿಟ್ಟು ಹೊಸದಾಗಿರಲಿ. ರಾಗಿ ತೊಳೆದು, ಕಲ್ಲು ಜಾಲಿಸಿ, ಬಿಸಿಲಿನಲ್ಲಿ ಗಲಗಲ ಒಣಗಿಸಿ ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿದರೆ ಒಳ್ಳೆಯದು. ಮಿಲ್ಲಿನಿಂದ ಬಿಸಿಯಾಗಿ ಬಂದ ಹಿಟ್ಟನ್ನು ಹರಡಿ ಆರಿಸದೆ ಡಬ್ಬಿಗೆ ತುಂಬಿದರೆ ಕಮಟು ವಾಸನೆ ಬರುತ್ತದೆ. ಒಂದು ತಿಂಗಳಿಗೆ ಆಗುವಷ್ಟೇ ಬೀಸಿಸಿ.

ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ ಒಲೆಯ ಮೇಲಿಡಿ. ಉಪ್ಪು ಬೇಕಾದವರು ಅರ್ಧ ಚಮಚ ಹಾಕಬಹುದು, ಈ ಸಾರಿಗೆ ಮುದ್ದೆಯಲ್ಲಿ ಉಪ್ಪು ಬೇಕಿಲ್ಲ. ಎಸರು ಅಂಬಲಿಯ ಹಾಗೆ ಮಂದವಾಗಿ ಉಕ್ಕಿ ಬರುವಾಗ ಉಳಿದ ಹಿಟ್ಟನ್ನೆಲ್ಲ ನಡುಮಧ್ಯಕ್ಕೆ ಒಂದೇ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಮುದ್ದೆ ಕೋಲನ್ನು ಗುಡ್ಡೆಯ ನಡುವೆ ತಳ ಮುಟ್ಟುವ ಹಾಗೆ ಚುಚ್ಚಿ ಒಂದು ತೂತು ಮಾಡಿ, ಉರಿ ತಗ್ಗಿಸಿ 6ರಿಂದ 8 ನಿಮಿಷ ಬಿಡಿ. ಎಸರು ಆ ತೂತಿನಿಂದಲೂ ಅಂಚಿನಿಂದಲೂ ಕೊತಕೊತ ಮೇಲೆ ಹತ್ತಿ ಹಿಟ್ಟಿನ ಗುಡ್ಡೆಯನ್ನು ನೆನೆಸುತ್ತದೆ. ಗಂಟು ಆಗುವುದು ಈ ಹೊತ್ತನ್ನು ಕಾಯದೆ ಕಲಕಿದಾಗಲೇ: ಒಣಹಿಟ್ಟಿನ ಉಂಡೆಯ ಹೊರಮೈ ಬಿಸಿಗೆ ಬೆಂದು ಕವಚವಾಗುತ್ತದೆ, ಒಳಗಿನ ಹಿಟ್ಟಿಗೆ ನೀರು ಹೋಗಲು ದಾರಿಯೇ ಇರುವುದಿಲ್ಲ.

ಗುಡ್ಡೆಯ ನೆತ್ತಿಯೂ ಒದ್ದೆಯಾಗಿ ಬಣ್ಣ ಗಾಢವಾದ ಮೇಲೆ ಪಾತ್ರೆ ಕೆಳಗಿಳಿಸಿ, ಕವೆಯಿಂದ (ಕವಲಿರುವ ಕೋಲು) ಅಲುಗದ ಹಾಗೆ ಹಿಡಿದು ಕೋಲಿನಿಂದ ತೊಳಸಿ. ಸುಮ್ಮನೆ ಗಿರಗಿರ ತಿರುಗಿಸಿದರೆ ಹಿಟ್ಟು ಕೋಲಿನ ಸುತ್ತ ಸುತ್ತುತ್ತದೆ ಅಷ್ಟೇ. ಪಾತ್ರೆಯ ಗೋಡೆಗೆ ಒತ್ತಿ, ಮಡಿಸಿ, ಮತ್ತೆ ಒತ್ತಬೇಕು. ಬಿಗಿಯಾಯಿತು ಅಂದರೆ ಪಕ್ಕದಲ್ಲಿಟ್ಟ ಕುದಿನೀರು ಎರಡು ಚಮಚ ಹಾಕಿ, ತಣ್ಣೀರು ಬೇಡ. ತೀರಾ ಸಡಿಲವಾಗಿದ್ದರೆ ಒಣಹಿಟ್ಟು ಉದುರಿಸುವುದಕ್ಕಿಂತ ಒಲೆಯ ಮೇಲಿಟ್ಟು ನೀರು ಇಂಗಿಸುವುದು ಒಳ್ಳೆಯದು, ಮೇಲಿನಿಂದ ಬಿದ್ದ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ.

ತೊಳಸಿದ ಮೇಲೆ ಮತ್ತೆ ಮೂರು ನಿಮಿಷ ಮುಚ್ಚಿ ಸಣ್ಣ ಉರಿಯಲ್ಲಿ ಹಬೆಯಲ್ಲೇ ಬೇಯಲು ಬಿಡಿ. ಆಮೇಲೆ ಇನ್ನೊಂದು ಸುತ್ತು ತೊಳಸಿ. ಒದ್ದೆ ಬೆರಳಿನಿಂದ ಹಿಟ್ಟು ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೂ ಬೆಂದಿಲ್ಲ. ನೀರು ಸವರಿದ ಹಲಗೆ ಅಥವಾ ತಟ್ಟೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಬಿಸಿಯಿರುವಾಗಲೇ ಉರುಟು ಮಾಡಿ. ಮೇಲ್ಮೈ ಬಿರುಕು ಬಿಟ್ಟರೆ ನೀರು ಕಡಿಮೆಯಾಗಿದೆ ಅಥವಾ ತಣ್ಣಗಾದ ಮೇಲೆ ಕಟ್ಟಿದ್ದೀರಿ.

ಹುರಿದ ಬೇಳೆ

ಬೇಳೆ ಹೆಚ್ಚು ಉಳಿದರೆ ಎಣ್ಣೆಯಲ್ಲಿ ಕರಿದು ಉಪ್ಪು, ಖಾರದ ಪುಡಿ, ಕರಿದ ಕರಿಬೇವು ಬೆರೆಸಿ ಡಬ್ಬಿಗೆ ಹಾಕಿಡುತ್ತಾರೆ. ಇದರಲ್ಲಿ ಎಚ್ಚರ ಬೇಕಾದದ್ದು ನೀರಿನ ಬಗ್ಗೆ. ಬೇಳೆಯನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಎರಡು ಗಂಟೆ ಆರಿಸಿ, ಕೈಗೆ ಒದ್ದೆ ತಾಗದಂತಾದ ಮೇಲೆಯೇ ಎಣ್ಣೆಗೆ ಹಾಕಿ. ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಮೇಲೆ ಇರಬಾರದು, ಒಂದು ಸಲಕ್ಕೆ ಒಂದು ಹಿಡಿ ಬೇಳೆ ಮಾತ್ರ. ಒಳಗಿನ ತೇವ ಒಮ್ಮೆಲೇ ಆವಿಯಾಗಿ ಎಣ್ಣೆ ನೊರೆಯೆದ್ದು ಉಕ್ಕುತ್ತದೆ. ನೊರೆ ಪೂರ್ತಿ ಅಡಗಿ, ಸದ್ದು ನಿಂತ ಮೇಲೆ ತೆಗೆದರೆ ಗರಿಗರಿ. ಅದಕ್ಕೆ ಮೊದಲೇ ತೆಗೆದರೆ ಮಾರನೇ ದಿನ ಮೆತ್ತಗಾಗಿರುತ್ತದೆ.

ಉಳಿದ ಸಾರು, ಉಳಿದ ಮುದ್ದೆ

ಮಾರನೇ ದಿನದ ಹಿತಕಿದ ಬೇಳೆ ಸಾರು ದೋಸೆಗೆ, ಚಪಾತಿಗೆ ಬಲು ರುಚಿ, ರಾತ್ರಿಯೆಲ್ಲ ಉಪ್ಪು ಖಾರ ಬೇಳೆಗೆ ಇಳಿದಿರುತ್ತದೆ. ತೆಂಗಿನಕಾಯಿ ರುಬ್ಬಿ ಹಾಕಿದ ಸಾರು ಬೇಗ ಹಳಸುತ್ತದೆ, ರಾತ್ರಿ ಊಟವಾದ ಮೇಲೆ ಒಂದು ಕುದಿ ಕುದಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಬಿಸಿ ಮಾಡುವಾಗ ಮುಕ್ಕಾಲು ಲೋಟ ಕುದಿನೀರು ಬೆರೆಸಿ ಸಣ್ಣ ಉರಿಯಲ್ಲಿಡಿ, ಸೌಟು ಹಾಕಿ ಬಲವಾಗಿ ಕಲಕಿದರೆ ಬೇಳೆ ಕದಡುತ್ತದೆ. ಉಳಿದ ಮುದ್ದೆಯನ್ನು ಮುಳುಗುವಷ್ಟು ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ಕೈಯಲ್ಲಿ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ. ಬೇಸಿಗೆಯಲ್ಲಾದರೆ ಆ ನೀರು ಬೆಳಗಿನ ಹೊತ್ತಿಗೆ ಹುಳಿ ಬಂದಿರುತ್ತದೆ, ಮಜ್ಜಿಗೆ ಅರ್ಧಕ್ಕೆ ಇಳಿಸಿ.